ಕಡಪಾ ಕಲ್ಲಿನ ಗೂಡಿಗೊಂದು ಕಂಪ್ಯೂಟರ್

ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆ ಹಿಡಿದು ಗಂಗಾನಗರದ ಬಳಿ ಬಲಕ್ಕೆ ಹೊರಳಿದರೆ ಆರ್.ಟಿ. ನಗರ. ಬಿಡಿಸಿ ಹೇಳಿದರೆ ರವೀಂದ್ರನಾಥ ಟ್ಯಾಗೋರ್ ನಗರ. ಅಷ್ಟುದ್ದ ಕರೆಯುವ ಪುರುಸೊತ್ತು ಬಸ್ ಕಂಡಕ್ಟರಿಗೂ ಇಲ್ಲ, ನಿವಾಸಿಗಳಿಗೂ ಇಲ್ಲ. ಮುಖ್ಯರಸ್ತೆಯ ಗಲಾಟೆ ದಾಟಿ ಅಡ್ಡರಸ್ತೆಗಳಿಗೆ ಕಾಲಿಟ್ಟರೆ ಹಳೆಯ ಬಡಾವಣೆ ಅಲ್ಲಲ್ಲಿ ಇನ್ನೂ ಉಳಿದಿದೆ. ಮೂವತ್ತು-ನಲವತ್ತರ ನಿವೇಶನ, ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ. ಒಳಗೆ ರೆಡ್ ಆಕ್ಸೈಡ್ ನೆಲ, ಗೋಡೆಯಲ್ಲಿ ಕಡಪಾ ಕಲ್ಲು ಕೂರಿಸಿದ ಗೂಡುಗಳು. ಟೀವಿ, ದೇವರ ಪಟ, ಮಕ್ಕಳು ಗೆದ್ದ ಕಪ್ಪು, ಔಷಧಿ ಡಬ್ಬಿ ಎಲ್ಲಕ್ಕೂ ಅದೇ ಗೂಡು.

ಇಂಥ ಮನೆಗಳಲ್ಲಿ ಹಾಲ್ ಎಂಬ ಒಂದೇ ಕೋಣೆಗೆ ಮೂರು ಪಾಳಿ ಕೆಲಸ. ಹಗಲು ಬಂದು ಹೋಗುವವರಿಗೆ, ಸಂಜೆ ಟೀವಿಗೆ, ರಾತ್ರಿ ಅಜ್ಜಿಯ ಹಾಸಿಗೆಗೆ. ನಮ್ಮ ಬೀದಿಯ ಅಂಥದೊಂದು ಮನೆಯ ಮಗಳು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಅವಳ ಓದು ಶುರುವಾಗುವುದೇ ರಾತ್ರಿ ಹತ್ತರ ಮೇಲೆ. ಮನೆಯಲ್ಲಿದ್ದದ್ದು ನೆಂಟರ ಕಚೇರಿಯಿಂದ ಬಂದ ಹಳೆಯ ದೊಡ್ಡ ಕಂಪ್ಯೂಟರ್. ಅದನ್ನು ಚಾಲೂ ಮಾಡಿದರೆ ಗ್ರೈಂಡರಿನ ಸದ್ದು. ಅಜ್ಜಿಗೆ ಮೊದಲೇ ನಿದ್ದೆ ಕಡಿಮೆ, ಮೇಲೆ ಬಿ.ಪಿ. ಹೀಗಾಗಿ ಹತ್ತು ಗಂಟೆಗೆ ಯಂತ್ರ ಆಫ್. ಕಾಲೇಜಿಗೆ ಒಪ್ಪಿಸಬೇಕಾದ ಪ್ರಾಜೆಕ್ಟು ಅರ್ಧಕ್ಕೆ ನಿಂತಿತ್ತು. ಹುಡುಗಿ ಅಜ್ಜಿಯ ಮೇಲೆ ಸಿಡುಕುವುದು, ಅಜ್ಜಿ ‘ನಾನು ಊರಿಗೆ ಹೋಗ್ತೀನಿ ಬಿಡಿ’ ಎನ್ನುವುದು, ಇವೆಲ್ಲ ಪಕ್ಕದ ಮನೆಯ ನಮಗೂ ಕೇಳಿಸುತ್ತಿತ್ತು.

ಲ್ಯಾಪ್‌ಟಾಪ್ ಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ದಿನವೂ ಕಾಲೇಜಿಗೆ ಹೊತ್ತೊಯ್ಯುವವರಿಗೆ ಅದೇ ಸರಿ. ಆದರೆ ಮನೆಯಲ್ಲೇ ಕೂತಿರುವ ಯಂತ್ರಕ್ಕೆ ಒಂದು ಅನುಕೂಲವಿದೆ: ಕೀಬೋರ್ಡು ಕೆಟ್ಟರೆ ಕೀಬೋರ್ಡು, ಮೆಮೊರಿ ಸಾಲದಿದ್ದರೆ ಮೆಮೊರಿ, ಬಿಡಿಬಿಡಿಯಾಗಿ ಬದಲಿಸುತ್ತ ಕಾಲ ತಳ್ಳಬಹುದು. ಮಾನಿಟರ್ ಹೇಗೂ ಹಳೆಯದಿತ್ತು. ಅಪ್ಪ ಕೊಡಬಹುದಾಗಿದ್ದ ಹಣಕ್ಕೂ ಆ ಲೆಕ್ಕವೇ ಹೊಂದುತ್ತಿತ್ತು.

ಹುಡುಗಿ ಮಾಡಿದ ಮೊದಲ ಕೆಲಸ ನನಗೆ ಮೆಚ್ಚಿಗೆಯಾಯಿತು. ಅಂಗಡಿಗೆ ಓಡಲಿಲ್ಲ, ಟೇಪು ಹಿಡಿದು ಗೂಡನ್ನು ಅಳೆದಳು. ಎತ್ತರ 30 ಸೆಂಟಿಮೀಟರ್, ಆಳ 25. ಸಾಮಾನ್ಯ ಕಂಪ್ಯೂಟರಿನ ಡಬ್ಬಿ ಅಲ್ಲಿ ತಲೆಯನ್ನೂ ತೂರಿಸಲಾರದು. ಅದರ ಗಾತ್ರ 40 ಲೀಟರ್ ಆಸುಪಾಸು. ಅಂದರೆ ನೀರಿನ ಎರಡು ದೊಡ್ಡ ಕ್ಯಾನು. ಅವಳು ಬರೆದುಕೊಂಡದ್ದು 20 ಸೆಂಟಿಮೀಟರ್ ಅಗಲ, 20 ಆಳ, 9 ಎತ್ತರದ ಪೆಟ್ಟಿಗೆ. ಗುಣಿಸಿ ನೋಡಿ, 3.6 ಲೀಟರ್. ಇದು ಸಾಧ್ಯವಾಗುವುದು ಮಿನಿ-ಐಟಿಎಕ್ಸ್ ಎಂಬ ಪುಟ್ಟ ಮದರ್‌ಬೋರ್ಡಿನಿಂದ. ತೈವಾನಿನ ವಯಾ ಕಂಪನಿ 2001ರಲ್ಲಿ ಇದರ ಅಳತೆ ಗೊತ್ತುಮಾಡಿತು: 17 ಸೆಂಟಿಮೀಟರ್ ಚೌಕ. ಒಂದು ಅಂಗೈ ಅಗಲವೂ ಅಲ್ಲ, ಎರಡು ಅಂಗೈ ಅಗಲ ಎನ್ನಿ.

‘ಅಂಕಲ್, ಎಸ್.ಪಿ. ರೋಡಿಗೆ ಜೊತೆಗೆ ಬರ್ತೀರಾ?’ ಎಂದಳು. ಹೊರಟೆ. ಬಸ್ಸಿನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಒಂದು ನಿಲ್ದಾಣ ಮೆಟ್ರೊ, ಚಿಕ್ಕಪೇಟೆಯಲ್ಲಿ ಇಳಿದು ನಡಿಗೆ. ಸಾದರ ಪತ್ರಪ್ಪ ರಸ್ತೆ ಎಂದರೆ ಯಾರಿಗೂ ತಿಳಿಯದು, ಎಸ್.ಪಿ. ರೋಡ್ ಎಂದರೆ ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ತಿಳಿದೀತು. ಕಿರಿದಾದ ರಸ್ತೆ, ಎರಡೂ ಬದಿಗೆ ಗೂಡಂಗಡಿಯಂಥ ಮಳಿಗೆಗಳು, ತಂತಿಯ ಸುರುಳಿ, ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತು ‘ಸೈಡ್ ಸೈಡ್’ ಎಂದು ಕೂಗುತ್ತ ಓಡುವ ಹಮಾಲಿಗಳು. ಹೊಸ ಮಾಲಿನ ಪಕ್ಕದಲ್ಲೇ ಕಚೇರಿಗಳಿಂದ ಬಂದ ಬಳಸಿದ ಮಾಲು. ಒಂದು ಲೀಟರಿನಷ್ಟೇ ಗಾತ್ರದ ಹಳೆಯ ಕಚೇರಿ ಕಂಪ್ಯೂಟರುಗಳೂ ಸಿಗುತ್ತವೆ. ಅವಸರದವರಿಗೆ ಅವೇ ಸಾಕು ಎಂದು ಅಂಗಡಿಯವರೇ ಹೇಳಿದರು. ಇವಳು ಕೇಳಲಿಲ್ಲ. ‘ಅಣ್ಣ, 35 ವಾಟಿನ ಪ್ರೊಸೆಸರೇ ಬೇಕು, 65ರದ್ದು ಬೇಡ’ ಎಂದು ಪಟ್ಟು ಹಿಡಿದಳು.

ಆ ಪಟ್ಟಿನಲ್ಲಿ ಅರ್ಥವಿತ್ತು. ಕಂಪ್ಯೂಟರ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ. ಶಾಖ ಹೆಚ್ಚಿದರೆ ಫ್ಯಾನು ಜೋರಾಗಿ ತಿರುಗಬೇಕು, ಜೋರಾಗಿ ತಿರುಗಿದರೆ ಸದ್ದು. 35 ವಾಟೆಂದರೆ ನಮ್ಮ ಹಳೆಯ 40 ವಾಟಿನ ಬಲ್ಬಿಗಿಂತ ಕಡಿಮೆ. ಇನ್ನು ಫ್ಯಾನಿನ ಲೆಕ್ಕ, ಇದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಂಟು ಸೆಂಟಿಮೀಟರಿನ ಫ್ಯಾನಿಗಿಂತ ಹನ್ನೆರಡರ ಫ್ಯಾನಿನ ಹರವು ಎರಡೂಕಾಲು ಪಟ್ಟು. ಹಾಗಾಗಿ ದೊಡ್ಡದು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ಎಳೆಯಬಲ್ಲದು. ಒಂದೇ ಫ್ಯಾನಿನ ವೇಗ ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಚಿಕ್ಕ ಪೆಟ್ಟಿಗೆಗೆ ಚಿಕ್ಕ ಫ್ಯಾನು ಎಂಬುದು ಮೇಲುನೋಟದ ತರ್ಕ. ಸದ್ದು ಬೇಡವೆಂದರೆ ಮುಚ್ಚಳದ ತುಂಬ ಒಂದೇ ದೊಡ್ಡ ಫ್ಯಾನು. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದ್ದರಿಂದ ತಿರುಗುವ ಇನ್ನೊಂದು ವಸ್ತುವೂ ಒಳಗಿಲ್ಲ.

ಹೆತ್ತವರಿಗೆ ಒಂದು ಮಾತು. ಅವಳು ಆರಿಸಿದ್ದು ತೆಳು ಮಿನಿ-ಐಟಿಎಕ್ಸ್ ಬೋರ್ಡು. ಇದಕ್ಕೆ ಲ್ಯಾಪ್‌ಟಾಪಿನಂತೆ ಹೊರಗಿನ ಅಡಾಪ್ಟರಿನಿಂದ 19 ವೋಲ್ಟ್ ಸಾಕು. 230 ವೋಲ್ಟ್ ಪೆಟ್ಟಿಗೆಯೊಳಗೆ ಕಾಲಿಡುವುದೇ ಇಲ್ಲ. ಮಕ್ಕಳು ಕೈಯಾರೆ ಮಾಡುವ ಪೆಟ್ಟಿಗೆಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಬೇಕೆ?

ಉಳಿದದ್ದು ಪೆಟ್ಟಿಗೆ. ಮೊದಲು ಬೂಟಿನ ಡಬ್ಬಿಯ ರಟ್ಟಿನಲ್ಲಿ ಒಂದು ಮಾದರಿ ಕತ್ತರಿಸಿ ಅಂಟಿಸಿದಳು. ಆಮೇಲೆ ಪೀಣ್ಯಕ್ಕೆ ಪಯಣ. ಹೆಬ್ಬಾಳಕ್ಕೆ ಹೋಗಿ ಹೊರವರ್ತುಲ ರಸ್ತೆ ಹಿಡಿದರೆ ಭದ್ರಪ್ಪ ಬಡಾವಣೆ, ಕುವೆಂಪು ವೃತ್ತ, ಬಿಇಎಲ್ ವೃತ್ತ, ಗೊರಗುಂಟೆಪಾಳ್ಯ. ಬಿಇಎಲ್ ದಾಟುವಾಗ ಅವಳಿಗೊಂದು ಹಳೆಯ ಸುದ್ದಿ ಹೇಳಿದೆ. ಪುಟ್ಟ ಕಂಪ್ಯೂಟರಿನ ಹುಚ್ಚು ಈ ದಿಕ್ಕಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದರು; 2001ರಲ್ಲಿ ಅದರ ಮಾದರಿಯನ್ನು ತೋರಿಸಿದರು. ಲಿನಕ್ಸ್ ಮೇಲೆ ನಡೆಯುತ್ತಿದ್ದ, ಫ್ಯಾನೇ ಇಲ್ಲದ ಯಂತ್ರ. ಓದು ಬಾರದವರಿಗೂ ಉಪಯೋಗಕ್ಕೆ ಬರಲೆಂದು ನಮ್ಮ ಭಾಷೆಗಳಲ್ಲಿ ಅದನ್ನು ಮಾತಾಡಿಸುವ ಕೆಲಸವೂ ನಡೆದಿತ್ತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ ತಯಾರಿಸಿಕೊಟ್ಟದ್ದು ಇದೇ ಬಿಇಎಲ್. ಎಣಿಸಿದಷ್ಟು ಮಾರಾಟವಾಗದೆ ಹೋಯಿತು. ಹುಡುಗಿ ಇನ್ನೂ ಹುಟ್ಟಿರಲಿಲ್ಲ. ಕಿಟಕಿಯಿಂದ ಕತ್ತು ಹೊರಳಿಸಿ ಆ ಕಾಂಪೌಂಡನ್ನು ಒಂದು ಗಳಿಗೆ ನೋಡಿದಳು.

ಪೀಣ್ಯದಲ್ಲಿ ತಗಡು ಕತ್ತರಿಸುವ, ಬಗ್ಗಿಸುವ ಕಾರ್ಖಾನೆಗಳಿಗೆ ಲೆಕ್ಕವಿಲ್ಲ. ಆದರೆ ಒಂದೇ ಒಂದು ಪೆಟ್ಟಿಗೆ ಎಂದರೆ ಯಾರು ಮೆಷಿನ್ ನಿಲ್ಲಿಸುತ್ತಾರೆ? ಎರಡು ಕಡೆ ‘ನೂರು ಪೀಸ್ ಆದ್ರೆ ಬನ್ನಿ’ ಎಂದರು. ಮೂರನೆಯ ಕಡೆಯ ಫೋರ್‌ಮನ್ ನಕ್ಷೆ ನೋಡಿ, ರಟ್ಟಿನ ಡಬ್ಬಿ ತಿರುಗಿಸಿ ನೋಡಿ, ‘ಬಗ್ಗಿಸುವಾಗ ತಗಡಿನ ದಪ್ಪ ಲೆಕ್ಕಕ್ಕೆ ಹಿಡಿದಿಲ್ಲವಲ್ಲಮ್ಮ’ ಎಂದು ಪೆನ್ಸಿಲ್ ತೆಗೆದರು. ಅರ್ಧ ಗಂಟೆ ಪಾಠವಾಯಿತು. ಯಾವುದೋ ದೊಡ್ಡ ಕೆಲಸದಲ್ಲಿ ಮಿಕ್ಕ ಅಲ್ಯೂಮಿನಿಯಂ ತುಂಡಿನಲ್ಲಿ ಎರಡು ದಿನ ಬಿಟ್ಟು ಪೆಟ್ಟಿಗೆ ಮಾಡಿಕೊಟ್ಟರು. ಕಾಲೇಜಿನ ಪ್ರಯೋಗಾಲಯದಲ್ಲಿ ಇಂಥ ಪಾಠ ಸಿಗುವುದು ಅಪರೂಪ ಎಂದೇ ನನ್ನ ಅನಿಸಿಕೆ.

ಜೋಡಣೆ ಒಂದು ಭಾನುವಾರದ ಬೆಳಗಿನ ಕೆಲಸ. ಅಡಿಯಲ್ಲಿ ಗಾಳಿ ಒಳಬರಲು ರಂಧ್ರ, ಮುಚ್ಚಳದ ಫ್ಯಾನು ಬಿಸಿಗಾಳಿಯನ್ನು ಮೇಲಕ್ಕೆ ದೂಡುತ್ತದೆ. ಬಿಸಿಗಾಳಿ ತಾನಾಗಿಯೂ ಮೇಲೇಳುವುದರಿಂದ ಫ್ಯಾನಿಗೆ ಶ್ರಮ ಕಡಿಮೆ. ನಾಲ್ಕು ಮೂಲೆಗೆ ಮರದ ಪಾದ, ಅದರಡಿ ಹಳೆಯ ಸೈಕಲ್ ಟ್ಯೂಬಿನ ತುಂಡು. ನಡುಕ ಕಲ್ಲಿಗೆ ಇಳಿಯದಿರಲೆಂದು.

ಗೂಡಿನಲ್ಲಿಟ್ಟು ಗಾಜಿನ ಬಾಗಿಲು ಸರಿಸಿದಾಗ ಕಾಲು ಗಂಟೆಯಲ್ಲೇ ಫ್ಯಾನು ದನಿ ಏರಿಸಿತು. ಒಳಗಿನ ಬಿಸಿಗಾಳಿಯನ್ನೇ ಪೆಟ್ಟಿಗೆ ಮತ್ತೆ ಮತ್ತೆ ಉಸಿರಾಡುತ್ತಿತ್ತು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತ್ತು. ಅಂಥ ಬೇಸಗೆಯಲ್ಲಿ ಈ ಗಾಜು ಇದ್ದರೆ ಪಟ್ಟ ಪಾಡೆಲ್ಲ ನೀರುಪಾಲು. ಅಪ್ಪ ಮಾತಾಡದೆ ಸ್ಕ್ರೂಡ್ರೈವರ್ ತಂದು ಬಾಗಿಲನ್ನೇ ಕಳಚಿದರು. ಗಾಜಿನ ಹಿಂದಿದ್ದ ಕಪ್ಪುಗಳು ಬೀರುವಿನ ನೆತ್ತಿ ಸೇರಿದವು.

ಆ ರಾತ್ರಿ ಹತ್ತೂವರೆಗೆ ಅಜ್ಜಿ ಹಾಸಿಗೆಯಿಂದಲೇ ಕೇಳಿದರಂತೆ: ‘ಇವತ್ತು ಓದಲ್ವೇನೆ? ಮಿಷಿನ್ನು ಹಾಕೇ ಇಲ್ವಲ್ಲ.’ ಯಂತ್ರ ಚಾಲೂ ಆಗಿ ಒಂದು ಗಂಟೆಯಾಗಿತ್ತು.

ಇನ್ನುಳಿದ ತಾಪತ್ರಯ ಧೂಳು. ಆರ್.ಟಿ. ನಗರದಲ್ಲಿ ಅದಕ್ಕೇನೂ ಬರವಿಲ್ಲ. ಯಾವುದಾದರೊಂದು ರಸ್ತೆ ಸದಾ ಅಗೆದೇ ಇರುತ್ತದೆ. ಅಡಿಯ ರಂಧ್ರಗಳಿಗೆ ಸೊಳ್ಳೆಪರದೆಯ ತುಂಡು ಅಂಟಿಸಿದ್ದಾರೆ. ತಿಂಗಳಿಗೊಮ್ಮೆ ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಈ ಕೆಲಸ ತಮ್ಮನ ಪಾಲಿಗೆ ಬಂದಿದೆ. ಪ್ರತಿಸಲವೂ ಎರಡೆರಡು ಬಾರಿ ನೆನಪಿಸಬೇಕು ಎಂಬುದು ಅಕ್ಕನ ದೂರು.