ಮನೆ ಮುಂದಿನ ಗ್ಯಾರೇಜು, ಕಂತು 6: ಗೇಟಿನ ಹಸಿರು

ಮೊದಲ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಎಡಗಡೆ ಬಾಗಿಲಿನ ಗಾಜಿನ ಕೆಳಗೆ ಹೊಳೀತಿರೋ ಪಟ್ಟಿ ಇದೆಯಲ್ಲ, ಅದರ ಮೇಲೆ ಒಂದು ಗೇಣುದ್ದದ ಗೀರು. ಕಳೆದ ತಿಂಗಳು ಇದೇ ಫೋಟೋ ಸ್ಟೋರಿಗೆ ಹಾಕಿದಾಗ ಕ್ಲಾಸಿನವರು ಮೂರು ಜನ ಕೇಳಿದ್ರಿ, "ಯಾರೇ ಮಾಡಿದ್ದು ಇದು?" ಅಂತ. ಗೊತ್ತಿಲ್ಲ ಅಂದಿದ್ದೆ. ಸುಳ್ಳು. ನಾನೇ ಮಾಡಿದ್ದು.

ಎಲ್ ಬೋರ್ಡ್ ಇತ್ತು, ಪಕ್ಕದಲ್ಲಿ ಅಪ್ಪ ಇರ್ಲಿಲ್ಲ. ಹಾಗೆ ಗಾಡಿ ತೆಗೀಬಾರದು ಅಂತ ಗೊತ್ತಿದ್ದೂ ರಿವರ್ಸ್ ತೆಗೆದೆ. ಗಾಳಿಗೆ ಗೇಟು ವಾಪಸ್ ಬಂತು, ಅದರ ಚಿಲಕ ಪಟ್ಟಿ ಮೇಲೆ ಕರ್ರ್ ಅಂತ ಎಳ್ಕೊಂಡು ಹೋಯ್ತು. ಪುಣ್ಯಕ್ಕೆ ಪೇಂಟಿಗೆ ತಾಗಲಿಲ್ಲ. ಸಂಜೆ ಅಪ್ಪ ನೋಡಿದ್ರು. ನಾನು ಬಾಯಿ ಬಿಡೋ ಮೊದಲೇ ಕಾರಣನೂ ಅವರೇ ಹುಡುಕಿಕೊಂಡ್ರು. ಪಕ್ಕದ ಮನೆಯ ಐದನೇ ಕ್ಲಾಸ್ ಹುಡುಗ ದಿನಾ ಸೈಕಲ್ ತಂದು ನಮ್ಮ ಕಾರಿನ ಪಕ್ಕ ನಿಲ್ಲಿಸ್ತಾನೆ, ಹ್ಯಾಂಡಲ್ ತಾಗಿರ್ಬೇಕು ಅಂತ. ಅವನಿಗೆ ಬೈಯಲಿಲ್ಲ. "ಪುಟ್ಟ, ಇನ್ಮೇಲೆ ಇಲ್ಲಿ ನಿಲ್ಲಿಸ್ಬೇಡಪ್ಪ" ಅಂದ್ರು, ಅಷ್ಟೇ. ಮಾರನೇ ದಿನದಿಂದ ಅವನು ನಮ್ಮ ಕಾಂಪೌಂಡಿಗೇ ಬರ್ಲಿಲ್ಲ. ನಾನು ಸುಮ್ಮನಿದ್ದೆ.

ಗೀರು ಹೋದ್ರೆ ವಿಷಯಾನೂ ಹೋಗತ್ತೆ ಅನ್ನೋದು ನನ್ನ ಲೆಕ್ಕ. ಅಮ್ಮ ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ಬರ್ ತಗೊಂಡು ಉಜ್ಜಿದೆ. ಗೀರು ಹಾಗೇ ಉಳೀತು. ಸುತ್ತ ಕನ್ನಡಿ ಥರ ಇದ್ದ ಜಾಗ ಮಾತ್ರ ಮಂಜು ಕವಿದ ಹಾಗಾಯ್ತು. ಎರಡನೇ ಫೋಟೋ. ನಗಬೇಡಿ.

ಆಮೇಲೆ ಕೂತು ಓದಿದೆ. ನಮ್ಮದು ಹಳೇ ಮಾರುತಿ 800. ಈ ಪಟ್ಟಿ ಕಾರಿನ ಜೊತೆ ಬಂದಿದ್ದಲ್ಲ, ಅಪ್ಪ ಬೆಂಗಳೂರಿನ ಜೆ.ಸಿ. ರೋಡಲ್ಲಿ ಹಾಕಿಸಿದ್ದು. ಎಲ್ಲರೂ 'ಕ್ರೋಮ್' ಅಂತಾರೆ, ಆದ್ರೆ ಇದು ಸ್ಟೇನ್‌ಲೆಸ್ ಸ್ಟೀಲ್. ವ್ಯತ್ಯಾಸ ದೊಡ್ಡದು. ಕ್ರೋಮ್ ಅಂದ್ರೆ ಬೇರೆ ಲೋಹದ ಮೇಲೋ ಪ್ಲಾಸ್ಟಿಕ್ ಮೇಲೋ ಕೊಟ್ಟಿರೋ ಲೇಪ. ಮೇಲಿನ ಆ ಕ್ರೋಮಿಯಂ ಪದರ ಸಾಮಾನ್ಯವಾಗಿ ಒಂದು ಮೈಕ್ರಾನೂ ಇರಲ್ಲ, ಉಜ್ಜಿದ್ರೆ ಕಿತ್ತು ಬರತ್ತೆ. ಸ್ಟೇನ್‌ಲೆಸ್ ಹಾಗಲ್ಲ, ಒಳಗೂ ಹೊರಗೂ ಒಂದೇ. ಅದರಲ್ಲಿ ಕನಿಷ್ಠ 10.5% ಕ್ರೋಮಿಯಂ ಬೆರೆತಿರತ್ತೆ, ಗಾಳಿ ತಾಗಿದ್ರೆ ಸಾಕು, ಕಣ್ಣಿಗೆ ಕಾಣದ ಒಂದು ಪೊರೆ ತಾನೇ ಕಟ್ಟಿಕೊಳ್ಳತ್ತೆ. ಕೆರೆದ್ರೂ ಮತ್ತೆ ಕಟ್ಟತ್ತೆ. ಅದಕ್ಕೇ ಇದನ್ನ ಧೈರ್ಯವಾಗಿ ಉಜ್ಜಬಹುದು. ಅಯಸ್ಕಾಂತ ಇಟ್ಟು ನೋಡೋದು ನಂಬಬೇಡಿ, ಕೆಲವು ಸ್ಟೇನ್‌ಲೆಸ್‌ಗೆ ಅಂಟತ್ತೆ, ಕೆಲವಕ್ಕೆ ಅಂಟಲ್ಲ. ಅಂಚಲ್ಲಿ ಸಿಪ್ಪೆ ಎದ್ದಿದ್ರೆ, ಗುಳ್ಳೆ ಇದ್ರೆ ಅದು ಲೇಪ. ಆಗ ಕೈ ಹಾಕಬೇಡಿ.

ಭಾನುವಾರ ಬೆಳಿಗ್ಗೆ ಪಟ್ಟಿಯ ಮೇಲೆ ಕೆಳಗೆ ಎರಡೆರಡು ಸುತ್ತು ಮಾಸ್ಕಿಂಗ್ ಟೇಪ್ ಹಚ್ಚಿದೆ. ಬಿಚ್ಚೋಕೆ ಹೋಗಲಿಲ್ಲ, ಅಂಟಿಸಿರೋ ಪಟ್ಟಿ ಎಳೆದ್ರೆ ಬಗ್ಗಿಬಿಡತ್ತೆ. ಸೋಪು ನೀರಲ್ಲಿ ತೊಳೆದು, ಬಿಳಿ ಬಟ್ಟೆಗೆ ಒಂದೆರಡು ಹನಿ ಥಿನ್ನರ್ ಹಾಕಿ ಗೀರಿನ ಮೇಲೆ ಮಾತ್ರ ಒರೆಸಿದೆ. ಗೀರು ಅನ್ಕೊಂಡಿದ್ದರಲ್ಲಿ ಅರ್ಧ ಗೀರೇ ಅಲ್ಲ, ತಾಗಿದ ವಸ್ತುವಿನ ಬಣ್ಣ ಮೆತ್ತಿರತ್ತೆ.

ಬಟ್ಟೆಗೆ ಹಸಿರು ಬಂತು. ಮೂರನೇ ಫೋಟೋ.

ಅಪ್ಪ ಕಾಫಿ ಲೋಟ ಹಿಡ್ಕೊಂಡು ಹಿಂದೆ ಬಂದು ನಿಂತಿದ್ದು ಗೊತ್ತೇ ಆಗಿರ್ಲಿಲ್ಲ. ಬಟ್ಟೆ ನೋಡಿದ್ರು. ಗೇಟು ನೋಡಿದ್ರು, ಹೋದ ದೀಪಾವಳಿಗೆ ಅವರೇ ಬಳಿದ ಹಸಿರು. "ಅವನ ಸೈಕಲ್ ಕೆಂಪು ಅಲ್ವೇನಮ್ಮಾ?" ಅಂದ್ರು.

ಹೇಳಿಬಿಟ್ಟೆ. ಅಪ್ಪ ಕಾಫಿ ಮುಗಿಸೋ ತನಕ ಮಾತಾಡಲಿಲ್ಲ. ಆಮೇಲೆ, "ಸಂಜೆ ಅವರ ಮನೆಗೆ ಹೋಗೋಣ. ನಾನೂ ಬರ್ತೀನಿ, ಅವನಿಗೆ ಹೇಳಿದ್ದು ನಾನಲ್ವಾ. ಮೊದಲು ಇದನ್ನ ಮುಗಿಸು."

ಮುಗಿಸೋಕೆ ಮೂರು ಗಂಟೆ ಹಿಡೀತು. ಉಗುರು ಅಡ್ಡ ಎಳೆದು ನೋಡಿ, ಸಿಕ್ಕಿಕೊಂಡ್ರೆ ಗೀರು ಆಳ ಇದೆ ಅಂತ. ನಂದು ಒಂದು ತುದೀಲಿ ಸಿಕ್ತು. ವಾಟರ್ ಪೇಪರ್ 600, 1000, 1500, 2000, ನಾಲ್ಕೂ ಹಾರ್ಡ್‌ವೇರ್ ಅಂಗಡೀಲಿ ಬಿಡಿಯಾಗಿ ಸಿಗತ್ತೆ. ಬೆರಳಲ್ಲಿ ಒತ್ತಿ ಉಜ್ಜಿದ್ರೆ ಗುಳಿ ಬೀಳತ್ತೆ, ನಾನು ಪೆನ್ಸಿಲ್ ರಬ್ಬರಿಗೆ ಪೇಪರ್ ಸುತ್ತಿಕೊಂಡೆ. ನೀರು ಧಾರಾಳವಾಗಿ ಹಾಕಿ. ಮುಖ್ಯವಾದ್ದು ದಿಕ್ಕು: 600ರಲ್ಲಿ ಓರೆಯಾಗಿ ಉಜ್ಜಿದ್ರೆ 1000ದಲ್ಲಿ ಉದ್ದಕ್ಕೆ, 1500ರಲ್ಲಿ ಮತ್ತೆ ಓರೆ, 2000ದಲ್ಲಿ ಉದ್ದಕ್ಕೆ. ಹಿಂದಿನ ಪೇಪರಿನ ಓರೆ ಗೆರೆ ಒಂದಾದ್ರೂ ಕಾಣ್ತಿದ್ರೆ ಮುಂದಿನದಕ್ಕೆ ಹೋಗಬೇಡಿ. ನಾನು ಅವಸರ ಮಾಡಿ 1500ರಿಂದ ಮತ್ತೆ 600ಕ್ಕೆ ವಾಪಸ್ ಬಂದೆ, ಅದಕ್ಕೇ ಮೂರು ಗಂಟೆ. ಕೊನೆಗೆ ಹಳೇ ಬನಿಯನ್ ಬಟ್ಟೆಗೆ ಬ್ರಾಸೋ ಹಾಕಿ, ಬಟ್ಟೆ ಕಪ್ಪಾಗೋ ತನಕ ತಿಕ್ಕೋದು. (ನಿಮ್ಮ ಪಟ್ಟೀಲಿ ಕನ್ನಡಿ ಹೊಳಪಲ್ಲ, ಸಣ್ಣ ಗೆರೆಗಳ ಮ್ಯಾಟ್ ಫಿನಿಶ್ ಇದ್ರೆ ಇದ್ಯಾವುದೂ ಬೇಡ, ಆ ಗೆರೆಗಳ ದಿಕ್ಕಲ್ಲೇ ಮೆಲ್ಲಗೆ ಉಜ್ಜಿ.) ಕಬ್ಬಿಣದ ನಾರು ಬೇಡ, ಅದರ ಚೂರು ಕೂತು ತುಕ್ಕು ಹಿಡಿಯತ್ತೆ. ಟಾಯ್ಲೆಟ್ ತೊಳೆಯೋ ಆಸಿಡ್ ಅಂತೂ ಹತ್ತಿರನೂ ತರಬೇಡಿ.

ಆಳ ಇದ್ದ ತುದಿ ಪೂರ್ತಿ ಹೋಗಿಲ್ಲ. ನಾಲ್ಕನೇ ಫೋಟೋದಲ್ಲಿ ಬಿಸಿಲು ಬಿದ್ದ ಕಡೆ ನೋಡಿದ್ರೆ ಕಾಣತ್ತೆ.

ಸಂಜೆ ಅವರ ಮನೇಲಿ ನಾನು ಹೇಳೋದೆಲ್ಲ ಹೇಳಿದೆ. ಅಪ್ಪನೂ "ತಪ್ಪಾಯ್ತು ಪುಟ್ಟ" ಅಂದ್ರು. ಅವನು ಇಬ್ಬರ ಮುಖಾನೂ ನೋಡ್ಲಿಲ್ಲ, ಸೋಫಾದ ದಾರ ಕೀಳ್ತಾ ಕೂತಿದ್ದ. ನಾವು ಹೊರಡುವಾಗ ಬಾಗಿಲ ಹತ್ರ ಬಂದು ಕೇಳಿದ, "ಅಕ್ಕ, ನನ್ನ ಸೈಕಲ್ ಬೆಲ್ಲೂ ಹಂಗೇ ಉಜ್ಜಿ ಕೊಡ್ತೀಯಾ? ತುಕ್ಕು ಬಂದಿದೆ."

ಬೆಲ್ಲು ಕ್ರೋಮ್. ಅದಕ್ಕೆ ವಾಟರ್ ಪೇಪರ್ ಹಾಕಂಗಿಲ್ಲ, ನೀರಲ್ಲಿ ಅದ್ದಿದ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಮೆತ್ತಗೆ ತಿಕ್ಕಬೇಕು. ಬರೋ ಭಾನುವಾರ ತಗೊಂಡು ಬಾ ಅಂದಿದ್ದೀನಿ. ಸೈಕಲ್ ಕಾರಿನ ಪಕ್ಕಾನೇ ನಿಲ್ಲಿಸು ಅಂತಾನೂ.