ಮಾತ್ರೆಯ ಲೆಕ್ಕ

ಎದೆಯು ತನ್ನ ಪಾಡಿಗೆ ತಾನು ಬಡಿಯುತ್ತಿರುವವರೆಗೆ ಅದರ ನೆನಪು ಯಾರಿಗೂ ಬರುವುದಿಲ್ಲ. ಅದು ನೆನಪಿಗೆ ಬಂದ ದಿನವೇ ಮನುಷ್ಯನು ರೋಗಿಯಾದ ದಿನ. ತೀರ್ಥಹಳ್ಳಿಯ ಸೀಮೆಯ ಒಂದು ಊರಿನಲ್ಲಿ ಮೂವತ್ತುನಾಲ್ಕು ವರ್ಷ ಕನ್ನಡ ಪಂಡಿತರಾಗಿದ್ದು ನಿವೃತ್ತರಾದ ಒಬ್ಬ ಮೇಷ್ಟರಿಗೆ ಆ ದಿನವು ೨೦೨೨ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಮುಂಗಾರಿನ ಮಳೆಯು ಹಂಚಿನ ಮೇಲೆ ಸದ್ದುಮಾಡುತ್ತಿದ್ದ ಒಂದು ರಾತ್ರಿ ಬಂದಿತು. ಅವರಿಗಾಗ ಅರುವತ್ತೆಂಟು ವರ್ಷ. ಮಲಗಿದ್ದವರು ಎದ್ದು ಕುಳಿತು ಮಣಿಕಟ್ಟಿನ ಮೇಲೆ ಬೆರಳಿಟ್ಟರು. ಅದು ಛಂದಸ್ಸನ್ನು ಕಲಿಸಿದ ಬೆರಳು. ಮೂರು ನಾಲ್ಕು, ಮೂರು ನಾಲ್ಕು ಎಂದು ಭಾಮಿನಿಯ ಗಣಗಳನ್ನು ಮೇಜಿನ ಮೇಲೆ ತಟ್ಟಿ ತೋರಿಸಿದ ಬೆರಳು. ಆ ರಾತ್ರಿ ಅದಕ್ಕೆ ಯಾವ ಗಣವೂ ಸಿಕ್ಕಲಿಲ್ಲ. ಎರಡು ಬಡಿತ ಒತ್ತೊತ್ತಾಗಿ, ಒಂದು ತಡವಾಗಿ, ಮತ್ತೆ ನಾಲ್ಕು ಓಡೋಡಿಕೊಂಡು. "ಪ್ರಸ್ತಾರ ಹಾಕುವುದಕ್ಕೇ ಬರುವುದಿಲ್ಲ" ಎಂದು ಅವರು ಪತ್ನಿಗೆ ಹೇಳಿದರು. ಆಕೆಗೆ ಪ್ರಸ್ತಾರವೆಂದರೇನೆಂದು ತಿಳಿಯದು. ಗಂಡನ ಹಣೆಯ ಮೇಲಿನ ಬೆವರು ತಿಳಿಯಿತು.

ವೈದ್ಯರು ಪರೀಕ್ಷಿಸಿ ರೋಗದ ಸ್ವರೂಪವನ್ನು ವಿವರಿಸಿದರು. ಹೃದಯದ ಮೇಲಿನ ಎರಡು ಕೋಣೆಗಳು ಕ್ರಮವಾಗಿ ಕುಗ್ಗುವುದನ್ನು ಬಿಟ್ಟು, ನಿಮಿಷಕ್ಕೆ ಮುನ್ನೂರೈವತ್ತಕ್ಕೂ ಮಿಕ್ಕಿ ಬರಿದೆ ನಡುಗುತ್ತವೆ. ಕೆಳಗಿನ ಕೋಣೆಗಳು ಆ ಗಲಭೆಯಲ್ಲಿ ತಮಗೆ ಕೇಳಿದ ಕರೆಗೆ ಮಾತ್ರ ಓಗೊಡುತ್ತವೆ. ಆದುದರಿಂದಲೇ ನಾಡಿಗೆ ಕ್ರಮವಿಲ್ಲ. ಬಡಿತದ ಅವ್ಯವಸ್ಥೆಗಿಂತಲೂ ದೊಡ್ಡ ಭಯ ಇನ್ನೊಂದುಂಟು. ನಡುಗುವ ಕೋಣೆಯಲ್ಲಿ ನಿಂತ ರಕ್ತವು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಆದಕಾರಣ ಮೇಷ್ಟರಿಗೆ ಎರಡು ಔಷಧಗಳು ಗೊತ್ತಾದುವು: ರಕ್ತವು ಹೆಪ್ಪುಗಟ್ಟದಂತೆ ಕಾಯುವ ವಾರ್ಫರಿನ್ ಒಂದು, ಲಯವನ್ನು ಹಿಡಿದು ನಿಲ್ಲಿಸುವ ಅಮಿಯೊಡರೋನ್ ಇನ್ನೊಂದು. "ಜೀವಮಾನವೆಲ್ಲಾ ಮಾತ್ರೆ ಎಣಿಸಿದವನಿಗೆ ಕಡೆಗಾಲಕ್ಕೆ ಮಾತ್ರೆಯೇ ಗತಿಯಾಯಿತು" ಎಂದು ಮೇಷ್ಟರು ನಕ್ಕರು. ವೈದ್ಯರೂ ನಕ್ಕರು. ನಾಲ್ಕು ದಿನಗಳಲ್ಲಿ ನಾಡಿಯು ಸರಿಯಾದ ದಾರಿಗೆ ಬಂದುದರಿಂದ ಆ ನಗುವಿಗೆ ಅರ್ಥವೂ ಇದ್ದಿತು.

ಅಮಿಯೊಡರೋನಿನ ಕಥೆಯು ಸ್ವಾರಸ್ಯವಾದುದು. ಕೊತ್ತುಂಬರಿಯ ಕುಲಕ್ಕೆ ಸೇರಿದ ಒಂದು ಗಿಡ ಈಜಿಪ್ಟ್ ದೇಶದಲ್ಲಿ ಬೆಳೆಯುತ್ತದೆ. ಅದರ ಬೀಜದಲ್ಲಿರುವ ಸತ್ವವನ್ನು ಆಧಾರವಾಗಿಟ್ಟುಕೊಂಡು ಬೆಲ್ಜಿಯಂ ದೇಶದ ರಸಾಯನಶಾಸ್ತ್ರಜ್ಞರು ೧೯೬೧ರಲ್ಲಿ ಇದನ್ನು ಮೊದಲು ಸಿದ್ಧಪಡಿಸಿದರು. ಅವರ ಉದ್ದೇಶ ಎದೆನೋವನ್ನು ಕಳೆಯುವುದು. ಲಯವನ್ನು ತಿದ್ದುವ ಗುಣ ಅದಕ್ಕುಂಟೆಂಬುದು ಆಮೇಲೆ ಪ್ರಸಿದ್ಧವಾಯಿತು. ಇದರ ವಿಶೇಷವೆಂದರೆ ತೂಕದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಅಯೋಡಿನ್. ದಿನವಹಿ ನುಂಗುವ ೨೦೦ ಮಿಲಿಗ್ರಾಮಿನ ಒಂದು ಮಾತ್ರೆಯಿಂದ ದೇಹದೊಳಕ್ಕೆ ಬಿಡುಗಡೆಯಾಗುವ ಅಯೋಡಿನ್ ಸುಮಾರು ೬ ಮಿಲಿಗ್ರಾಂ. ವಯಸ್ಕನಿಗೆ ದಿನಕ್ಕೆ ಬೇಕಾದುದು ಅದರ ನಲವತ್ತನೆಯ ಒಂದು ಪಾಲು ಮಾತ್ರ. ಎರಡನೆಯ ವಿಶೇಷ, ಅದು ದೇಹವನ್ನು ಬೇಗನೆ ಬಿಟ್ಟು ಹೋಗುವುದಿಲ್ಲ. ಕೊಬ್ಬಿನಲ್ಲಿ, ಯಕೃತ್ತಿನಲ್ಲಿ ನೆಲಸಿ, ನುಂಗುವುದನ್ನು ನಿಲ್ಲಿಸಿದ ಮೇಲೆಯೂ ವಾರಗಳು, ತಿಂಗಳುಗಳು ಅಲ್ಲಿಯೇ ಇರುತ್ತದೆ. ಈ ಎರಡು ಗುಣಗಳೇ ಮೇಷ್ಟರ ಮನೆಯಲ್ಲಿ ಮುಂದೆ ನಡೆದುದಕ್ಕೆಲ್ಲಾ ಬೀಜವಾದುವು.

ಮೊದಲು ಹೋದುದು ಬಿಸಿಲು. ಮಲೆನಾಡಿನಲ್ಲಿ ಮಳೆ ನಿಂತ ಮೇಲೆ ಬರುವ ಎಳೆಬಿಸಿಲು ಅಮೃತಕ್ಕೆ ಸಮಾನ. ಜಗಲಿಯ ಅಂಚಿನಲ್ಲಿ ಅದಕ್ಕೆ ಬೆನ್ನೊಡ್ಡಿ ಪತ್ರಿಕೆ ಓದುವುದು ಮೇಷ್ಟರ ಹಲವು ವರ್ಷಗಳ ಅಭ್ಯಾಸ. ಈಗ ಅರ್ಧ ಗಂಟೆ ಕುಳಿತರೆ ಕತ್ತು, ಮುಂಗೈ ಕಾದ ಕಾವಲಿ ಮುಟ್ಟಿದಂತೆ ಉರಿಯತೊಡಗಿದುವು. ಈ ಔಷಧವನ್ನು ಸೇವಿಸುವವರ ಚರ್ಮಕ್ಕೆ ಬಿಸಿಲು ಸಹಿಸದೆಂದು ವೈದ್ಯರು ಮೊದಲೇ ಹೇಳಿದ್ದರು. ಮೇಷ್ಟರು ತುಂಬುತೋಳಿನ ಅಂಗಿ ತೊಟ್ಟು, ಕಾರ್ತಿಕದ ನಿರ್ಮಲ ಆಕಾಶದ ಕೆಳಗೆ ಕೊಡೆ ಹಿಡಿದು ನಡೆದರು. ಹುಡುಗರು ನಕ್ಕರು, ಅವರು ಬೇಸರಪಡಲಿಲ್ಲ. ಅದೇ ಕಾರ್ತಿಕದಲ್ಲಿ ದೇವಸ್ಥಾನದ ದೀಪೋತ್ಸವಕ್ಕೆ ಹೋದಾಗ ಒಂದೊಂದು ಹಣತೆಯ ಸುತ್ತಲೂ ಬಣ್ಣದ ಪ್ರಭಾವಳಿಯೊಂದು ಕಾಣಿಸಿತು. ಇದು ಭಕ್ತಿಯ ಫಲವೆಂದು ಅವರು ಎರಡು ದಿನ ಯಾರಿಗೂ ಹೇಳದೆ ಸಂತೋಷಪಟ್ಟರು. ಮೂರನೆಯ ದಿನ ಬೀದಿಯ ದೀಪಕ್ಕೂ ಅದೇ ಪ್ರಭಾವಳಿ! ಕಣ್ಣಿನ ವೈದ್ಯರು ನೋಡಿ, ಕಣ್ಣಿನ ಮುಂದಣ ಪಾರದರ್ಶಕ ಪದರದಲ್ಲಿ ಔಷಧದ ಕಣಗಳು ಕೂತಿವೆಯೆಂದೂ, ಈ ಔಷಧ ಸೇವಿಸುವವರಲ್ಲಿ ಇದು ಸಾಮಾನ್ಯವೆಂದೂ, ದೃಷ್ಟಿಗೆ ಬಹುಮಟ್ಟಿಗೆ ಹಾನಿಯಿಲ್ಲವೆಂದೂ ಹೇಳಿದರು. ಇಷ್ಟರವರೆಗೆ ಎಲ್ಲವೂ ಸಹಿಸತಕ್ಕ ಸಂಗತಿಗಳೇ ಆಗಿದ್ದುವು. ಹೇಳಿಕೊಂಡು ನಗತಕ್ಕವೂ ಆಗಿದ್ದುವು.

ಹೇಳಿಕೊಳ್ಳಲಾಗದ್ದು ಮರುವರ್ಷ ಬಂದಿತು. ೨೦೨೩ರ ಮಳೆಗಾಲದಲ್ಲಿ ಅವರಿಗೆ ವಿಪರೀತ ಚಳಿ. ಎರಡು ಕಂಬಳಿ ಹೊದ್ದರೂ ಕಾಲು ಮಂಜುಗಡ್ಡೆ. ಮಲಬದ್ಧತೆ, ಜಡತೆ, ಹಗಲಿನಲ್ಲಿ ತೂಕಡಿಕೆ. ಮಾತು ನಿಧಾನವಾಯಿತು, ಕಂಠ ಗೊಗ್ಗರಾಯಿತು. ವಯಸ್ಸಾಯಿತೆಂದು ಪತ್ನಿ ಅಂದುಕೊಂಡರು. ಮಳೆಗಾಲವೆಂದು ನೆರೆಯವರು ಅಂದುಕೊಂಡರು. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಗ್ರಂಥಿಯ ಪರೀಕ್ಷೆಯಾಗಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿಯು ಪಂಚಾಂಗದ ಎಲೆಗಳ ನಡುವೆ ಮಡಿಸಿಕೊಂಡು ಮಲಗಿತ್ತು. ಎದೆಗೆ ಬಂದ ರೋಗಕ್ಕೆ ಕೊರಳಿನ ಪರೀಕ್ಷೆಯೇಕೆ, ಸುಮ್ಮನೆ ಹಣದ ವೆಚ್ಚವೆಂಬುದು ಮೇಷ್ಟರ ವಾದ.

ಶಿವಮೊಗ್ಗ ಜಿಲ್ಲೆಯು ಗಮಕ ಕಲೆಗೆ ಹೆಸರಾದುದು. ನವರಾತ್ರಿಯಲ್ಲಿ ಆ ಊರಿನಲ್ಲಿಯೂ ಭಾರತ ವಾಚನ; ವ್ಯಾಖ್ಯಾನ ಮೇಷ್ಟರದು. ಆ ಸಲ ವಾಚಕರು ಪದ್ಯವನ್ನು ಹಾಡಿ ನಿಲ್ಲಿಸಿದರು. ಮೇಷ್ಟರು ಬಾಯಿ ತೆರೆದರು. ಧ್ವನಿ ಮೊದಲ ಸಾಲಿನವರೆಗೂ ಮುಟ್ಟಲಿಲ್ಲ. ಮೂವತ್ತು ವರ್ಷ ನಾಲಗೆಯ ತುದಿಯಲ್ಲಿದ್ದ ಪದ್ಯದ ಅರ್ಥವು ನಡುದಾರಿಯಲ್ಲಿ ಕೈಬಿಟ್ಟಿತು. ಸಭೆಯು ಕಾದಿತು. ಹಿಂದಿನಿಂದ ಒಬ್ಬರು, ಪಾಪ, ವಯಸ್ಸಾಯಿತು ಎಂದುದು ಅವರ ಕಿವಿಗೆ ಸ್ಪಷ್ಟವಾಗಿ ಬಿದ್ದಿತು. ಎದೆಯ ಲಯವನ್ನು ಉಳಿಸಿಕೊಂಡು ನಾಲಗೆಯ ಲಯವನ್ನು ಕಳೆದುಕೊಂಡರೆ ಬದುಕಿದ್ದು ಯಾವ ಪುರುಷಾರ್ಥಕ್ಕೆ? ಆ ರಾತ್ರಿ ಮೇಷ್ಟರು ಒಂದು ನಿಶ್ಚಯಕ್ಕೆ ಬಂದರು. ಬೆಳಗ್ಗೆ ಪತ್ನಿ ಕೊಟ್ಟ ಅಮಿಯೊಡರೋನ್ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ, ಹಳೆಯ ಕನ್ನಡಕದ ಪೆಟ್ಟಿಗೆಯೊಳಗೆ ಹಾಕಿದರು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಆಗಲಿಲ್ಲ. ಮಾತ್ರೆ ಬಿಟ್ಟರೂ ನಾಡಿಯು ಗಡಿಯಾರದಂತೆ ನಡೆಯಿತು. ರೋಗವು ಎಂದೋ ಹೋಗಿದೆ, ವೈದ್ಯರು ಸುಮ್ಮನೆ ಹೆದರಿಸುತ್ತಿದ್ದಾರೆ ಎಂದು ಮೇಷ್ಟರಿಗೆ ಧೈರ್ಯ ಬಂದಿತು. ತಮ್ಮನ್ನು ಕಾಯುತ್ತಿರುವುದು ಮೈಯೊಳಗೆ ಉಳಿದಿರುವ ಹಳೆಯ ಮಾತ್ರೆಗಳೇ ಎಂಬುದು ಅವರಿಗೆ ತಿಳಿಯದು. ಕೆರೆಗೆ ಬರುವ ಕಾಲುವೆಯನ್ನು ಕಟ್ಟಿದರೆ ಗದ್ದೆ ಅಂದೇ ಒಣಗುವುದಿಲ್ಲ.

ನವೆಂಬರ್ ತಿಂಗಳಲ್ಲಿ ವಾಡಿಕೆಯ ರಕ್ತಪರೀಕ್ಷೆಗೆ ಹೋದರು. ವಾರ್ಫರಿನ್ನಿನ ಹದವನ್ನು ತೋರಿಸುವ ಅಂಕವು ೨ ಮತ್ತು ೩ರ ನಡುವೆ ಇರಬೇಕು. ಅವರದು ಸದಾ ೨.೪ರ ಸುಮಾರಿಗೆ ಇದ್ದುದು ೧.೫ಕ್ಕೆ ಇಳಿದಿತ್ತು. ಅಮಿಯೊಡರೋನ್ ಜೊತೆಗಿದ್ದರೆ ವಾರ್ಫರಿನ್ನಿನ ಬಲ ಹೆಚ್ಚುತ್ತದೆ. ಅದನ್ನು ಲೆಕ್ಕಹಾಕಿಯೇ ವೈದ್ಯರು ಮೊದಲಿಗೆ ವಾರ್ಫರಿನ್ನಿನ ಪ್ರಮಾಣವನ್ನು ತಗ್ಗಿಸಿದ್ದರು. ಒಂದು ಕಂಬ ಸರಿದರೆ ಇನ್ನೊಂದು ವಾಲದೆ ಇರುತ್ತದೆಯೆ? ಇದೊಂದೂ ತಿಳಿಯದ ವೈದ್ಯರು ಸಹಜವಾಗಿಯೇ, "ಮೇಷ್ಟರೇ, ಊಟದಲ್ಲಿ ಸೊಪ್ಪು ಹೆಚ್ಚಾಯಿತೇನು?" ಎಂದು ಕೇಳಿದರು. ಸೊಪ್ಪಿನಲ್ಲಿರುವ ಒಂದು ಜೀವಸತ್ವವು ವಾರ್ಫರಿನ್ನಿನ ಕೆಲಸಕ್ಕೆ ವಿರೋಧಿ. ಪತ್ನಿ ಅಳುಕುತ್ತಾ, ಹಿತ್ತಲಿನಲ್ಲಿ ಬಸಳೆ ಹುಲುಸಾಗಿ ಬಂದಿದೆಯೆಂದು ಒಪ್ಪಿಕೊಂಡರು. ಮೇಷ್ಟರು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಾ ಕುಳಿತಿದ್ದರು. ಅಂದಿನಿಂದ ಆ ಮನೆಯಲ್ಲಿ ಬಸಳೆ ಹುಳಿಯಿಲ್ಲ, ಹರಿವೆ ಪಲ್ಯವಿಲ್ಲ, ಒಂದೆಲಗದ ತಂಬುಳಿಯೂ ಇಲ್ಲ. ಚಪ್ಪರದ ಬಸಳೆಯನ್ನು ಆಕೆ ತಾವೇ ಕಿತ್ತು ದನಕ್ಕೆ ಹಾಕಿದರು. ಅದನ್ನೂ ಮೇಷ್ಟರು ನೋಡುತ್ತಾ ಕುಳಿತಿದ್ದರು.

ಡಿಸೆಂಬರ್ ತಿಂಗಳ ಮೊದಲಲ್ಲಿ ಒಂದು ನಡುರಾತ್ರಿ ಎದೆಯು ಮತ್ತೆ ಗಣಭಂಗ ಮಾಡಿತು. ಶಿವಮೊಗ್ಗಕ್ಕೆ ಕರೆದೊಯ್ಯಬೇಕು. ಪತ್ನಿ ಆತುರದಲ್ಲಿ ಬಟ್ಟೆಬರೆ ಕಟ್ಟುವಾಗ ಬದಲಿ ಕನ್ನಡಕವೊಂದಿರಲೆಂದು ಹಳೆಯ ಪೆಟ್ಟಿಗೆಯನ್ನು ತೆರೆದರು. ಒಳಗೆ ಬಿಳಿಯ ಮಾತ್ರೆಗಳು. ದಾರಿಯಲ್ಲಿ ಕಾರಿನ ದೀಪದ ಬೆಳಕಿನಲ್ಲಿ ಆಕೆ ಅವನ್ನು ಎಣಿಸಿದರು: ನಲವತ್ತಾರು. ಆಕೆ ಅಳಲಿಲ್ಲ, ಕೂಗಾಡಲಿಲ್ಲ. "ಏನೂಂದ್ರೆ, ಮಾತ್ರೆ ಬಿಟ್ಟಿರಿ, ಅದು ನಿಮ್ಮ ಎದೆ. ನನ್ನ ಬಸಳೆಯ ಮೇಲೆ ಅಪವಾದ ಬಂದಾಗ ಸುಮ್ಮನೆ ಕೂತಿರಲ್ಲ, ಅದಕ್ಕೇನು ಹೇಳಲಿ?" ಎಂದರು. ಅಷ್ಟೆ. ಶಿವಮೊಗ್ಗದವರೆಗೂ ಬೇರೆ ಮಾತಿಲ್ಲ.

ಆಸ್ಪತ್ರೆಯಲ್ಲಿ ಬಡಿತದ ವೇಗವನ್ನು ಕೂಡಲೇ ತಗ್ಗಿಸಿದರು. ಲಯವನ್ನು ತಿದ್ದಲು ಮಾತ್ರ ಕಾಯಬೇಕಾಯಿತು. ರಕ್ತದ ಹದ ಕೆಟ್ಟಿರುವಾಗ ಲಯವನ್ನು ಬಲವಂತವಾಗಿ ತಂದರೆ, ಒಳಗೆ ಹೆಪ್ಪೇನಾದರೂ ಇದ್ದರೆ ಅದು ಕಿತ್ತುಕೊಂಡು ಹೊರಡುವ ಅಪಾಯವುಂಟು. ಹದವು ಸರಿಯಾಗಿ ಮೂರು ವಾರ ನಿಂತ ಮೇಲೆ ವಿದ್ಯುತ್ತಿನ ಒಂದು ಸಣ್ಣ ಆಘಾತವನ್ನು ಕೊಟ್ಟು ಲಯವನ್ನು ತಂದರು. ಆ ನಡುವೆ ಪಂಚಾಂಗದೊಳಗಿನ ಪರೀಕ್ಷೆಯೂ ಆಯಿತು. ಅಯೋಡಿನ್ನಿನ ಹೊರೆಗೆ ಥೈರಾಯ್ಡ್ ಗ್ರಂಥಿಯು ಸೋತು ಕೆಲಸವನ್ನು ನಿಲ್ಲಿಸಿತ್ತು. ಚಳಿ, ಜಡತೆ, ಮರೆವು, ಗೊಗ್ಗರು ಕಂಠ ಎಲ್ಲಕ್ಕೂ ಕಾರಣ ಅದೇ. "ಮೇಷ್ಟರೇ, ನಿಮ್ಮ ಧ್ವನಿ ಹೋದುದು ವಯಸ್ಸಿನಿಂದಲ್ಲ. ಅಂದೇ ಒಂದು ಮಾತು ಹೇಳಿದ್ದರೆ ಅಂದೇ ಅದಕ್ಕೆ ಔಷಧವಿತ್ತು" ಎಂದರು ವೈದ್ಯರು. ಹುಡುಗರ ತಪ್ಪನ್ನು ತಿದ್ದಿದ ಮೇಷ್ಟರು ಅಂದು ಹುಡುಗನಂತೆ ತಲೆ ತಗ್ಗಿಸಿದರು.

ಈ ಪಾಠವು ಹೊಸದಲ್ಲ. ಡಿಜಿಟಾಲಿಸ್ ಗಿಡದ ಎಲೆಯನ್ನು ಹತ್ತು ವರ್ಷ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ೧೭೮೫ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಗುಣಗಳ ಜೊತೆಗೆ ಉಪದ್ರವಗಳೂ ಇವೆ: ವಾಂತಿ, ತಲೆತಿರುಗು, ವಸ್ತುಗಳೆಲ್ಲ ಹಳದಿಯಾಗಿಯೋ ಹಸುರಾಗಿಯೋ ಕಾಣುವುದು, ನಾಡಿ ಮಂದವಾಗುವುದು. ಇಂಥ ಲಕ್ಷಣ ಕಂಡೊಡನೆ ಔಷಧವನ್ನು ನಿಲ್ಲಿಸಬೇಕೆಂಬುದು ಅವನ ನಿಯಮ. ಅವನ ಪಾಲಿಗೆ ಉಪದ್ರವವು ಔಷಧವು ವೈದ್ಯನಿಗೆ ಕಳುಹಿಸುವ ವರ್ತಮಾನ. ರೋಗಿಯು ಬಾಯಿ ಬಿಡದಿದ್ದರೆ ಆ ವರ್ತಮಾನ ತಲಪುವುದೆಂತು? ನಿಲ್ಲಿಸುವುದೋ, ತಗ್ಗಿಸುವುದೋ, ಇನ್ನೊಂದನ್ನು ಕೂಡಿಸುವುದೋ ಎಂಬುದು ಅದು ತಲಪಿದ ಮೇಲಿನ ಮಾತು. ಸಹಿಸುವುದು ಒಂದು ಗುಣ, ಮುಚ್ಚಿಡುವುದು ಗುಣವಲ್ಲ. ಹೊರನೋಟಕ್ಕೆ ಎರಡೂ ಮೌನವಾಗಿಯೇ ಕಾಣುವುದರಿಂದ ಸಂಭಾವಿತರು ಈ ಭೇದವನ್ನು ಮರೆಯುತ್ತಾರೆ.

ಮೇಷ್ಟರು ಈಗ ಹಳೆಯ ಹಾಜರಿ ಪುಸ್ತಕದ ಉಳಿದ ಹಾಳೆಗಳಲ್ಲಿ ಅಂಕಣ ಗೀಚಿದ್ದಾರೆ: ನಾಡಿ, ತೂಕ, ನಿದ್ರೆ, ಚಳಿ, ಕಂಠ, ಕೆಮ್ಮು. ಕೆಮ್ಮಿನ ಅಂಕಣಕ್ಕೆ ಕೆಂಪು ಶಾಯಿ. ಈ ಔಷಧವು ಶ್ವಾಸಕೋಶವನ್ನು ಮುಟ್ಟಿದರೆ ತಡಮಾಡಬಾರದು, ಒಣಕೆಮ್ಮೋ ಏದುಸಿರೋ ಬಂದರೆ ಅಂದೇ ತಿಳಿಸತಕ್ಕದ್ದೆಂದು ವೈದ್ಯರ ಆಜ್ಞೆ. ಅಮಿಯೊಡರೋನ್ ಮತ್ತೆ ಪ್ರಾರಂಭವಾಗಿ, ಲಯ ನಿಂತ ಮೇಲೆ ೧೦೦ ಮಿಲಿಗ್ರಾಮಿಗೆ ಇಳಿದಿದೆ. ಗ್ರಂಥಿಯ ಕೊರತೆಗೆ ಥೈರಾಕ್ಸಿನ್ ಮಾತ್ರೆ. ಹೃದ್ರೋಗಿಗಳಿಗೆ ಅದನ್ನು ಅಲ್ಪ ಪ್ರಮಾಣದಿಂದ ಮೆಲ್ಲಮೆಲ್ಲನೆ ಏರಿಸಬೇಕು. ಅದನ್ನು ಬರಿಯ ಹೊಟ್ಟೆಯಲ್ಲಿ ನುಂಗಿ ಕಾಫಿಗೆ ಒಂದು ಗಂಟೆ ಕಾಯಬೇಕೆಂಬುದೇ ಅವರಿಗೆ ಎಲ್ಲಕ್ಕಿಂತ ಕಠಿಣವಾದ ತಪಸ್ಸು. ಡಿಕಾಕ್ಷನ್ ಇಳಿಯುವ ಪರಿಮಳಕ್ಕೆ ಹೆದರಿ ಆ ಒಂದು ಗಂಟೆ ಅವರು ಕೊಡೆ ಹಿಡಿದು ಹೊಳೆಯ ಕಡೆ ಹೋಗಿಬಿಡುತ್ತಾರೆ.

೨೦೨೪ರ ಯುಗಾದಿಯ ಸಂಜೆ ಮತ್ತೆ ಭಾರತ ವಾಚನವಾಯಿತು. ಧ್ವನಿ ಮುಕ್ಕಾಲು ಪಾಲು ಮರಳಿತ್ತು. ಉಳಿದ ಕಾಲು ಪಾಲು ಬರಲಿಲ್ಲ. ನಡುವೆ ಒಂದು ಮಾತು ತಪ್ಪಿದಾಗ ಮೇಷ್ಟರು ನಾಚದೆ ವಾಚಕರನ್ನೇ ಕೇಳಿ ಮುಂದುವರಿದರು. ಸಭೆಗೆ ಅದು ಲೋಪವೆಂದು ತೋರಲಿಲ್ಲ.

ಹಿತ್ತಲಿನಲ್ಲಿ ಬಸಳೆ ಮತ್ತೆ ಚಪ್ಪರಕ್ಕೆ ಹಬ್ಬಿದೆ. ಸೊಪ್ಪನ್ನು ಬಿಡಬೇಕಾದುದಿಲ್ಲ, ವಾರವಾರವೂ ಒಂದೇ ಅಳತೆಯಲ್ಲಿ ತಿಂದರೆ ಸಾಕು ಎಂದು ವೈದ್ಯರು ಸ್ಪಷ್ಟಪಡಿಸಿದ್ದಾರೆ. ಅದರ ಬಳ್ಳಿಯನ್ನು ಬೇರೆ ಮನೆಯಿಂದ ಬೇಡಿ ತಂದವರೂ, ದಿನವೂ ನೀರೆರೆಯುವವರೂ ಮೇಷ್ಟರೇ. ಮಂಗಳವಾರ, ಶುಕ್ರವಾರ ಹುಳಿ. ಎಷ್ಟು ಎಲೆ ಕೊಯ್ಯಬೇಕೆಂಬ ಲೆಕ್ಕ ಮಾತ್ರ ಪತ್ನಿಯದು. ಮಾತ್ರೆಯ ಲೆಕ್ಕವೂ ಆಕೆಯದೇ.