ನಮ್ಮಟ್ಟಿ ಎಲ್ಲೋಯ್ತು ಮೇಷ್ಟ್ರೇ?

ಹಕ್ಕಿಯ ಫೋಟೋ ತೆಗೆಯಬೇಕೆಂದರೆ ಕಾಡು ಅಲೆಯಬೇಕು, ಕೆರೆಯ ಕೆಸರಿಗೆ ಇಳಿಯಬೇಕು, ಏನಿಲ್ಲವೆಂದರೂ ಒಂದು ಪೊದೆಯ ಹಿಂದೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಯಾವ ಕಷ್ಟವೂ ಇಲ್ಲ. ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ 12 ಕಿಲೋಮೀಟರ್ ಒಳಗೆ ಹೋದರೆ ಊರು. ಊರ ಬೀದಿಯಲ್ಲೇ ಹುಣಸೆಮರ, ಅರಳಿಮರ. ಮರದ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಮರದ ಕೆಳಗೆ ಎಮ್ಮೆ ಮೆಲುಕು ಹಾಕುತ್ತಿರುತ್ತದೆ. ಪಕ್ಕದ ಜಗಲಿಯಲ್ಲಿ ಯಾರೋ ಅವರೆಕಾಯಿ ಸುಲಿಯುತ್ತಿರುತ್ತಾರೆ. ಮೇಲಿನಿಂದ ಆಗಾಗ ಮೀನಿನ ತುಣುಕೋ ಹಿಕ್ಕೆಯೋ ಬೀಳುತ್ತದೆ. ಹೊಸಬರು ತಲೆ ಒರೆಸಿಕೊಂಡರೆ ಊರಿನವರು ನಗುತ್ತಾರೆ, ಅಷ್ಟೆ.

ಮಂಡ್ಯದ ಹೈಸ್ಕೂಲೊಂದರ ವಿಜ್ಞಾನದ ಮೇಷ್ಟ್ರು ಈ ಊರಿಗೆ ಮೊದಲ ಸಲ ಬಂದದ್ದು 1983ರ ಜನವರಿಯಲ್ಲಿ. ಕೈಯಲ್ಲಿ ಯಾರೋ ಬಳಸಿ ಮಾರಿದ್ದ ಪೆಂಟಾಕ್ಸ್ ಕೆ 1000 ಕ್ಯಾಮೆರಾ, ಅದಕ್ಕೊಂದು 300 ಎಂ.ಎಂ. ಲೆನ್ಸು. ಎರಡನ್ನೂ ಕೊಳ್ಳಲು ಮಾಡಿದ ಸಾಲ ಎರಡು ವರ್ಷ ಸಂಬಳದಲ್ಲಿ ಮುರಿಯಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮುಂತಾದವರ ವನ್ಯಜೀವಿ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿ ಸಾಲ ಮಾಡಿ ಕ್ಯಾಮೆರಾ ಕೊಂಡವರು ಆ ಕಾಲದಲ್ಲಿ ಇವರೊಬ್ಬರೇ ಅಲ್ಲ. ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಬೆನ್ನು ಹತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರೂ ಎಷ್ಟೋ ತರುಣರ ಜೇಬಿಗೆ ಕತ್ತರಿ ಹಾಕಿದವರೇ.

ಆಗ ಒಂದು ರೀಲಿಗೆ 36 ಚಿತ್ರ. ತಿಂಗಳಿಗೆ ಒಂದು ರೀಲು ಎಂದು ಮನೆಯಾಕೆ ಬಜೆಟ್ ಮಂಜೂರು ಮಾಡಿದ್ದರು. ಭಾನುವಾರ ಮೊದಲ ಬಸ್ಸು ಹತ್ತಿ, ಮುಂದಿನ ದಾರಿಗೆ ಸಿಕ್ಕಿದ ಗಾಡಿ ಹಿಡಿದು ಬೆಳ್ಳೂರು ಸೇರುವ ಹೊತ್ತಿಗೆ ಬಿಸಿಲು ಮರದ ನೆತ್ತಿಯನ್ನು ಮುಟ್ಟಿರುತ್ತಿತ್ತು. ಅದೇ ಸರಿಯಾದ ಹೊತ್ತು. ಹೆಜ್ಜಾರ್ಲೆ ಭಾರದ ಹಕ್ಕಿ. ದೂರದ ಕೆರೆಗೆ ಮೀನಿಗೆ ಹೊರಡುವ ಗುಂಪು ಸಾಮಾನ್ಯವಾಗಿ ಬಿಸಿಲೇರುವುದನ್ನೇ ಕಾಯುತ್ತದೆ. ನೆಲ ಕಾದು ಗಾಳಿ ಮೇಲೇಳತೊಡಗಿದಾಗ ರೆಕ್ಕೆ ಬಿಚ್ಚಿ, ಆ ಗಾಳಿಯ ಮೇಲೆಯೇ ಸುತ್ತು ಹಾಕುತ್ತ ಏರುತ್ತದೆ. ಅದಕ್ಕೆ ಮುಂಚಿನ ಒಂದೆರಡು ಗಂಟೆಯ ಬೆಳಕಿನಲ್ಲಿ ಮೇಷ್ಟ್ರು ತಮ್ಮ 36ನ್ನು ಖರ್ಚು ಮಾಡಬೇಕು.

ಬಿಳಿ ಹಕ್ಕಿಯ ಫೋಟೋ ತೆಗೆಯುವುದು ಸುಲಭವಲ್ಲ. ಕ್ಯಾಮೆರಾದ ಮೀಟರಿಗೆ ಬಿಳಿ, ಕಪ್ಪು ಎಂಬ ವಿವೇಚನೆಯಿಲ್ಲ, ಎಲ್ಲವನ್ನೂ ಬೂದುಬಣ್ಣಕ್ಕೆ ಎಳೆಯುವುದೇ ಅದರ ಸ್ವಭಾವ. ಹಕ್ಕಿಯನ್ನೇ ಅಳೆದರೆ ಹಕ್ಕಿ ಮಾಸಿದ ಪಂಚೆಯಂತೆ ಬರುತ್ತದೆ. ಹಿಂದಿನ ಎಲೆಯ ಕತ್ತಲನ್ನು ಅಳೆದರೆ ಹಕ್ಕಿ ಸುಣ್ಣದ ಮುದ್ದೆಯಾಗುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಮೇಷ್ಟ್ರು ಕಂಡುಕೊಂಡ ಉಪಾಯವೆಂದರೆ ಬಿಸಿಲಿಗೆ ಒಡ್ಡಿದ ತಮ್ಮ ಅಂಗೈಯನ್ನೇ ಅಳೆದು, ಅನುಭವದ ಮೇಲೆ ಅಷ್ಟಿಷ್ಟು ತಿದ್ದಿಕೊಳ್ಳುವುದು. ಬಣ್ಣದ ಕೊಕ್ಕರೆಯ ಬೆನ್ನ ಹಿಂದಿನ ಗುಲಾಬಿ ಗರಿಗಳು ಕಪ್ಪು-ಬಿಳುಪು ಫಿಲ್ಮಿನಲ್ಲಿ ಹೇಗೂ ಬರುವುದಿಲ್ಲ. ಆ ದುಃಖಕ್ಕೆ ವರ್ಷಕ್ಕೊಂದು ಕಲರ್ ರೀಲು ಮದ್ದು.

ನೆಲದ ಮೇಲೆ ನಿಂತು ತೆಗೆದರೆ ಹಕ್ಕಿಯ ಹೊಟ್ಟೆಯಷ್ಟೇ ಕಾಣುತ್ತದೆ. ಗೂಡಿನ ಸಮಕ್ಕೆ ಏರಬೇಕು. ಒಂದು ದೊಡ್ಡ ಹುಣಸೆಮರದ ಎದುರಿಗೆ, ಬೀದಿಯ ಆಚೆ, ಊರಿನವರೊಬ್ಬರ ತಾರಸಿ ಮನೆಯಿತ್ತು. ಆ ತಾರಸಿಯೇ ಮೇಷ್ಟ್ರ ಕಾಯಂ ಠಾಣೆಯಾಯಿತು. ಮರ ಮಾತ್ರ ಈಚೆ ಬದಿಯ ಹೆಂಚಿನ ಮನೆಯ ಅಜ್ಜಿಯದು. ಮರದ ಫೋಟೋ ತೆಗೆಯುವವನು ಮರದ ಯಜಮಾನಿಯನ್ನು ಮಾತಾಡಿಸದೆ ಹೋಗುವುದುಂಟೆ? ಇಳಿದು ಬಂದ ಮೇಲೆ ಅಜ್ಜಿಯ ಜಗಲಿಯಲ್ಲಿ ಬೆಲ್ಲದ ಕಾಫಿ, ಅದರ ಜತೆಗೆ ಊರಿನ ಕಥೆ.

ಕಥೆ ಇಷ್ಟು. ಹಿಂದೆ ಪ್ಲೇಗ್ ಬಂದು ಊರು ಹಳೆಯ ಜಾಗ ಬಿಟ್ಟು ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ, ಬಾರದ ವರ್ಷ ಕೇಡು. 'ತವರಿಗೆ ಬಾಣಂತನಕ್ಕೆ ಬಂದ ಹೆಣ್ಮಕ್ಕಳು ಕಣ್ ಮೇಷ್ಟ್ರೇ, ಹೊಡೆದು ಓಡ್ಸಕ್ಕಾಯ್ತದಾ?' ಎನ್ನುವುದು ಅಜ್ಜಿಯೊಬ್ಬರದೇ ಮಾತಲ್ಲ, ಇಡೀ ಊರಿನ ಮಾತು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ಪರಿಚಯಿಸುವ ಮುಂಚೆಯೂ ಈ ಮಾತು ಇಲ್ಲಿತ್ತು.

ಬಾಣಂತನದ ಖರ್ಚೂ ಇತ್ತು. ಹುಣಸೆ ಹಣ್ಣಾಗುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಮರ ಬಡಿದರೆ ಗೂಡು ಬೀಳುತ್ತದೆ, ಬಡಿಯದಿದ್ದರೆ ಹಣ್ಣು ಹಿಕ್ಕೆಯಲ್ಲಿ ಕೆಡುತ್ತದೆ. ಅರಣ್ಯ ಇಲಾಖೆ ಮರಕ್ಕಿಷ್ಟೆಂದು ಪರಿಹಾರ ಕೊಡತೊಡಗಿತು. ಅದು ಹುಣಸೆಯ ಬೆಲೆಗೆ ಸಾಟಿಯಲ್ಲ ಎಂಬ ಗೊಣಗಾಟ ಅಂದಿನಿಂದಲೂ ಇದೆ. ಲಾಭವೆಂದರೆ ಗೊಬ್ಬರ. ಮರದ ಬುಡದಲ್ಲಿ ಗುಂಡಿ ತೋಡಿ ಕೆರೆಗೋಡು ತುಂಬಿಟ್ಟರೆ ಹಿಕ್ಕೆ ಬಿದ್ದು ಬಿದ್ದು ಗದ್ದೆಗೆ ಒಳ್ಳೆಯ ಗೊಬ್ಬರವಾಗುತ್ತದೆ. ಲೆಕ್ಕ ಹಾಕಿದರೆ ಅಜ್ಜಿಗೆ ನಷ್ಟವೇ ಹೆಚ್ಚು. ಅಜ್ಜಿ ಲೆಕ್ಕ ಹಾಕುವ ಗೋಜಿಗೆ ಹೋಗಿರಲಿಲ್ಲ.

ಇತ್ತ ಮೇಷ್ಟ್ರಿಗೆ ಸ್ಪರ್ಧೆಗಳ ಹುಚ್ಚು ಹತ್ತಿತ್ತು. ನಿಸರ್ಗ ಛಾಯಾಗ್ರಹಣ ವಿಭಾಗದಲ್ಲಿ ಒಂದು ಕಟ್ಟಳೆಯಿದೆ: ಚಿತ್ರದಲ್ಲಿ ಮನುಷ್ಯನ ಕುರುಹು ಇರಬಾರದು. ತಂತಿ, ಹೆಂಚು, ಗೋಡೆ, ಒಣಹಾಕಿದ ಸೀರೆ ಏನೂ ಕಾಣಕೂಡದು. ಕೊಕ್ಕರೆ ಬೆಳ್ಳೂರಿನಲ್ಲಿ ಇದನ್ನು ಪಾಲಿಸುವುದೆಂದರೆ ಮದುವೆಮನೆಯಲ್ಲಿ ಜನರೇ ಇಲ್ಲದ ಫೋಟೋ ತೆಗೆದಂತೆ. ಆದರೂ ಮೇಷ್ಟ್ರು ಬಿಡಲಿಲ್ಲ. ಬಚ್ಚಲಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಕೆಂಪು ಬಲ್ಬು ಹಾಕಿ, ಪ್ರಿಂಟು ಮಾಡುವಾಗ ಕೆಳಗಿನ ಹೆಂಚಿನ ಸಾಲನ್ನೂ ಬಲಗಡೆಯ ವಿದ್ಯುತ್ ಕಂಬವನ್ನೂ ಹೊರಗಿಟ್ಟು, ಗೂಡಿನಲ್ಲಿ ತಾಯಿ ಹೆಜ್ಜಾರ್ಲೆಯ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿದ ಮರಿಯ ಚಿತ್ರವೊಂದನ್ನು ಸಿದ್ಧಮಾಡಿದರು. 1986ರಲ್ಲಿ ಅದಕ್ಕೊಂದು ಬಹುಮಾನವೂ ಬಂತು. ನೋಡಿದವರು 'ಯಾವ ಕಾಡಿನದು?' ಎಂದು ಕೇಳಿದರು.

ಆ ಚಿತ್ರದ ಒಂದು ಪ್ರತಿಯನ್ನು ಮೇಷ್ಟ್ರು ಸಂಭ್ರಮದಿಂದ ಅಜ್ಜಿಗೆ ತಂದುಕೊಟ್ಟರು. ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡು, ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು.

'ಹಕ್ಕಿ ಚೆಂದಾಗೈತೆ. ನಮ್ಮಟ್ಟಿ ಎಲ್ಲೋಯ್ತು ಮೇಷ್ಟ್ರೇ?'

ಸ್ಪರ್ಧೆಗೆ ಹಟ್ಟಿ ಬರಬಾರದು ಎಂದು ಮೇಷ್ಟ್ರು ವಿವರಿಸಿದರು. ಅಜ್ಜಿಗೆ ಅರ್ಥವಾಯಿತೋ ಇಲ್ಲವೋ. 'ಹಟ್ಟಿ ಇಲ್ದೆ ಮರ ಎಲ್ಲಿಂದ ಬತ್ತದೆ?' ಎಂದಷ್ಟೇ ಹೇಳಿ ಕಾಫಿ ಕಾಯಿಸಲು ಒಳಗೆ ಹೋದರು.

ಮೇಷ್ಟ್ರ ಬಳಿ 28 ಎಂ.ಎಂ. ಲೆನ್ಸೂ ಒಂದಿತ್ತು. ಅದು ಬೇರೆ ಭಾನುವಾರಗಳ ಸಂಗಾತಿ. ಕುಂತಿಬೆಟ್ಟದ ಬಂಡೆಗಳು, ಮೇಲುಕೋಟೆಯ ಬೆಟ್ಟದಿಂದ ಕಾಣುವ ಬಯಲು, ನೀರಿಳಿದ ಕನ್ನಂಬಾಡಿ ಹಿನ್ನೀರಿನ ಬಿರುಕು ನೆಲ, ಇವಕ್ಕೆಲ್ಲ ಅಗಲ ಲೆನ್ಸು. ಹಕ್ಕಿಗೆ ಉದ್ದ ಲೆನ್ಸು, ಭೂದೃಶ್ಯಕ್ಕೆ ಅಗಲ ಲೆನ್ಸು ಎಂದು ಮಡಿಮೈಲಿಗೆಯಂತೆ ಪಾಲಿಸಿಕೊಂಡು ಬಂದಿದ್ದರು. ರಂಗನತಿಟ್ಟಿನಲ್ಲಂತೂ ಅಗಲ ಲೆನ್ಸು ಚೀಲದಿಂದ ಹೊರಬಂದದ್ದೇ ಇಲ್ಲ. ದೋಣಿಯ ಓಲಾಟದಲ್ಲಿ ಉದ್ದ ಲೆನ್ಸನ್ನು ಅಲುಗದಂತೆ ಹಿಡಿಯುವುದೇ ದೊಡ್ಡ ಸಾಹಸ. ಮುಂದಿನ ಜನವರಿಯಲ್ಲಿ ಅಗಲ ಲೆನ್ಸು ಮೊದಲ ಸಲ ಬೆಳ್ಳೂರಿನ ತಾರಸಿ ಹತ್ತಿತು. ಮರ, ಮರದ ಗೂಡುಗಳು, ಕೆಳಗಿನ ಹೆಂಚಿನ ಮನೆ, ಗೊಬ್ಬರದ ಗುಂಡಿ, ಜಗಲಿಯ ಅಜ್ಜಿ, ಎಲ್ಲ ಒಂದೇ ಚೌಕಟ್ಟಿನಲ್ಲಿ. ಅಜ್ಜಿಗೆಂದು ಒಂದೇ ಒಂದು ಚಿತ್ರ. ಉಳಿದ 35 ಸ್ಪರ್ಧೆಗೆ.

ಹಾಗೆ ವರ್ಷಕ್ಕೊಂದರಂತೆ, ಅದೇ ತಾರಸಿಯ ಅದೇ ಮೂಲೆಯಿಂದ ತೆಗೆಯುವುದು ವಾಡಿಕೆಯಾಯಿತು. ಪ್ರಿಂಟಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ತಾರೀಖು, ಎಣಿಸಿದ ಗೂಡುಗಳ ಸಂಖ್ಯೆ. ವಿಜ್ಞಾನದ ಮೇಷ್ಟ್ರಲ್ಲವೆ, ಎಣಿಸದೆ ಇರಲಾಗುವುದಿಲ್ಲ. ಈ ಚಿತ್ರಗಳಿಗೆ ಯಾವ ಬಹುಮಾನವೂ ಬರಲಿಲ್ಲ, ಮೇಷ್ಟ್ರು ಕಳಿಸಲೂ ಇಲ್ಲ. (ಈಗ ಅಂತರರಾಷ್ಟ್ರೀಯ ಕಟ್ಟಳೆಯೇ ಸಡಿಲವಾಗಿದೆ. ಮನುಷ್ಯರ ನಡುವೆ ಬಾಳಲು ಒಗ್ಗಿಕೊಂಡ ಜೀವಿಗಳ ಚಿತ್ರದಲ್ಲಿ ಮನೆ ಕಂಡರೆ ತಪ್ಪಿಲ್ಲವಂತೆ. ಅದಕ್ಕೆ ಅವರು ಕೊಡುವ ಉದಾಹರಣೆಯಲ್ಲಿ ಕೊಕ್ಕರೆಯೂ ಇದೆ. ಅಜ್ಜಿಯ ತೀರ್ಪು ಮೊದಲೇ ಬಂದಿತ್ತೆನ್ನಬೇಕು.)

ಊರೂ ಸುಮ್ಮನೆ ಕೂತಿರಲಿಲ್ಲ. 1994ರಲ್ಲಿ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗೆ ಸಾಕಿ, ಮೀನು ತಿನ್ನಿಸಿ ಹಾರಿಬಿಟ್ಟರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಹೊಟ್ಟೆಯಲ್ಲಿ ಹುಳುಗಳು ಸಿಕ್ಕವು. ಆ ವರ್ಷ ಮೇಷ್ಟ್ರು ತಾರಸಿ ಹತ್ತಿದರೂ ಉದ್ದ ಲೆನ್ಸನ್ನು ಚೀಲದಿಂದ ತೆಗೆಯಲಿಲ್ಲ.

ಅಷ್ಟರಲ್ಲಿ ರೀಲಿನ ಕಾಲ ಮುಗಿದಿತ್ತು. 2009ರಲ್ಲಿ ನಿವೃತ್ತರಾದಾಗ ಮಗ ಡಿಜಿಟಲ್ ಕ್ಯಾಮೆರಾ ಕೊಡಿಸಿದ. ಬೆಳ್ಳೂರಿನ ಬೀದಿಯಲ್ಲೀಗ ಭಾನುವಾರ ಕಾರುಗಳ ಸಾಲು, ಫಿರಂಗಿಯಂಥ ಲೆನ್ಸುಗಳು. ಒಂದು ಕ್ಷಣಕ್ಕೆ ಹತ್ತಾರು ಚಿತ್ರ ತೆಗೆಯುವವರಿಗೆ ಕೂತ ಹಕ್ಕಿ ಬೇಸರ, ಹಾರುವ ಹಕ್ಕಿಯೇ ಬೇಕು. ಒಮ್ಮೆ ಅಂಥ ಗುಂಪಿನ ತರುಣನೊಬ್ಬ ಮರದಡಿ ನಿಂತು ಚಪ್ಪಾಳೆ ತಟ್ಟಿದ. ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಅಜ್ಜಿಯ ಮೊಮ್ಮಗ ಹಲ್ಲುಜ್ಜುತ್ತಿದ್ದವನು ಹಾಗೆಯೇ ಬೀದಿಗೆ ಬಂದು, 'ಬಾಣಂತಿ ಮಲಗಿರೋ ಕೋಣೆ ಮುಂದೆ ಹಿಂಗೇ ತಟ್ತೀರಾ ಸಾರ್?' ಎಂದು ಕೇಳಿದ. ತರುಣ ಕಾರು ಹತ್ತಿದ. ಅಜ್ಜಿ ತೀರಿಕೊಂಡು ಆಗಲೇ ಎಷ್ಟೋ ವರ್ಷಗಳಾಗಿದ್ದವು.

ಆ ಹುಣಸೆಮರ ಈಗಿಲ್ಲ. ಒಂದು ಮುಂಗಾರಿನ ರಾತ್ರಿ ಗಾಳಿಗೆ ಬುಡಸಮೇತ ಉರುಳಿತು. ಹಕ್ಕಿಗಳು ಹೊರಟುಹೋಗಿದ್ದ ಕಾಲವಾದ್ದರಿಂದ ಗೂಡುಗಳು ಖಾಲಿಯಿದ್ದವು. ಹೆಂಚಿನ ಮನೆಗೂ ಅದೇ ರಾತ್ರಿ ಪೆಟ್ಟು ಬಿತ್ತು. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮೊಮ್ಮಗ ಅಲ್ಲೇ ಹೊಸ ಮನೆ ಕಟ್ಟಿಸತೊಡಗಿದ. ಒಂದು ದಿನ ಮಂಡ್ಯಕ್ಕೆ ಬಂದು ಮೇಷ್ಟ್ರ ಬಾಗಿಲು ತಟ್ಟಿದ. ಹಳೆಯ ಮನೆಯ ಒಂದೇ ಒಂದು ಫೋಟೋ ಮನೆಯಲ್ಲಿಲ್ಲ, ಅಜ್ಜಿಗೆ ಕೊಟ್ಟಿದ್ದವೆಲ್ಲ ಸೋರಿದ ನೀರಿಗೆ ಅಂಟಿಕೊಂಡು ಹಾಳಾಗಿವೆ, ಮೇಷ್ಟ್ರ ಹತ್ತಿರ ಏನಾದರೂ ಇದೆಯೇ?

ಮೇಷ್ಟ್ರು ಡಬ್ಬಿ ತೆಗೆದು ನಡುಮನೆಯ ನೆಲದ ಮೇಲೆ ವರ್ಷದ ಪ್ರಕಾರ ಸಾಲಾಗಿ ಜೋಡಿಸಿದರು. ಮೂವತ್ತಕ್ಕೂ ಹೆಚ್ಚು ಮರಗಳು, ಮೂವತ್ತಕ್ಕೂ ಹೆಚ್ಚು ಮನೆಗಳು. ಮೇಷ್ಟ್ರ ಕಣ್ಣು ಗೂಡುಗಳ ಮೇಲೆ: ಇಲ್ಲಿ ತುಂಬಿವೆ, ಇಲ್ಲಿ ಕಡಿಮೆ, ಈ ವರ್ಷ ತುದಿಯ ಕೊಂಬೆ ಒಣಗಿದೆ, ಇಲ್ಲಿಂದ ಹಿತ್ತಿಲಿನ ಬೇವಿನಮರ ಇಲ್ಲ. ಮೊಮ್ಮಗನ ಕಣ್ಣು ಬೇರೆ ಕಡೆ. ಚಡ್ಡಿ ಹಾಕಿಕೊಂಡು ಎಮ್ಮೆಯ ಹಗ್ಗ ಹಿಡಿದ ಒಬ್ಬ ಹುಡುಗನ ಮೇಲೆ ಬೆರಳಿಟ್ಟು 'ನಮ್ಮ ಚಿಕ್ಕಪ್ಪ' ಎಂದ. ಹೆಂಚಿನ ಮೇಲೆ ಆಂಟೆನಾ ಬಂದ ವರ್ಷ ಅಕ್ಕನ ಮದುವೆಯಾದದ್ದು ಎಂದು ನೆನಪಿಸಿಕೊಂಡ. ಬೇವಿನಮರವಿದ್ದ ಜಾಗವನ್ನು ಬಹಳ ಹೊತ್ತು ನೋಡಿ, ಹಿತ್ತಿಲ ಆ ಮೂಲೆಯಲ್ಲಿ ಏನನ್ನೂ ಕಟ್ಟುವುದಿಲ್ಲ, ಒಂದು ಅರಳಿ ಸಸಿ ಇಡಬಹುದು ಎಂದ. ಹುಣಸೆ ಮೇಲೇಳುವುದು ತುಂಬ ನಿಧಾನವಂತೆ.

ಹೊಸ ಮನೆಯ ಹಾಲಿಗೆ ಒಂದನ್ನು ದೊಡ್ಡದು ಮಾಡಿಸಬೇಕಾಗಿತ್ತು. ಮರದ ತುಂಬ ಗೂಡುಗಳಿದ್ದ ವರ್ಷದ ಚಿತ್ರವನ್ನು ಮೇಷ್ಟ್ರು ಮುಂದಿಟ್ಟರು. ಬೆಳಕೂ ಅದರಲ್ಲೇ ಚೆನ್ನಾಗಿತ್ತು. ಮೊಮ್ಮಗ ಅದನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಂಡ. ಅದರಲ್ಲಿ ಗೂಡುಗಳು ಮೂರೇ ಮೂರು. ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತ ಯಾರಿಗೋ ಏನೋ ಹೇಳಲು ತಲೆ ಎತ್ತಿದ್ದರು.

'ಇದರಲ್ಲಿ ನಿಮ್ಮಜ್ಜಿ ಅಲುಗಿಬಿಟ್ಟಿದ್ದಾರೆ ಕಣಪ್ಪಾ. ದೊಡ್ಡದು ಮಾಡಿದರೆ ಮುಖ ಕಲಸಿಹೋಗುತ್ತೆ,' ಎಂದರು ಮೇಷ್ಟ್ರು.

'ಇರ್ಲಿ ಸಾರ್. ಅವ್ರು ಯಾವತ್ತು ಸುಮ್ನೆ ಕೂತಿದ್ರು?'

ಮೇಷ್ಟ್ರು ನೆಗೆಟಿವ್ ಹುಡುಕಲು ಕನ್ನಡಕ ಹಾಕಿಕೊಂಡರು.